ವೇದನಾಶಾಮಕ ಗುಳಿಗೆಗಳ ಉಪಯೋಗದಲ್ಲಿ ಮಾತ್ರಾವಿವೇಕ

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂದರ್ಭದಲ್ಲಿ ನಾನು ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ಮಾತನಾಡುವೆನೆಂದು ತಮ್ಮಲ್ಲಿ ಅನೇಕರು ನಿರೀಕ್ಷಿಸಿರಬಹುದು. ಮೂವತ್ತು ವರುಷಗಳ ಕಾಲ ಪಾಠಶಾಲೆಯಲ್ಲಿ ಅವುಗಳನ್ನೇ ಹೇಳಿಕೊಟ್ಟವನಿಗೆ ಬೇರೆ ವಿಷಯವು ತಾನೇ ಎಲ್ಲಿಂದ ಬರಬೇಕು? ಆದರೆ ಇಂದು ನಾನು ಆರಿಸಿಕೊಂಡಿರುವುದು, ನಾವು ವೈದ್ಯರನ್ನು ಕೇಳದೆಯೇ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಯ ವಿಷಯವನ್ನು. ನಾನು ವೈದ್ಯನಲ್ಲ. ವೈದ್ಯರಿಂದ ಕೇಳಿ, ಅವರು ತೋರಿಸಿದ ಗ್ರಂಥಗಳನ್ನು ಓದಿಸಿಕೊಂಡು ತಿಳಿದುಕೊಂಡುದನ್ನಷ್ಟೇ ಹೇಳಬಲ್ಲೆನು. ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವೊಂದುಂಟು. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುವೆನು.

ನಮ್ಮ ಕಡೆಯಲ್ಲಿ ಇದಕ್ಕೆ ಗುಳಿಗೆಯೆಂದು ಹೆಸರು. ಮೈಸೂರು ಸೀಮೆಯವರು ಮಾತ್ರೆಯೆನ್ನುತ್ತಾರೆ. ಗುಳಿಗೆಯೆಂಬ ಮಾತು ಅದರ ದುಂಡನೆಯ ಆಕಾರವನ್ನು ಹೇಳುತ್ತದೆ. ಮಾತ್ರೆಯೆಂಬ ಮಾತಾದರೋ ಅದರ ಧರ್ಮವನ್ನೇ ಹೇಳುತ್ತದೆ. ಮಾತ್ರೆಯೆಂದರೆ ಅಳತೆ. ಹ್ರಸ್ವಕ್ಕೆ 1 ಮಾತ್ರೆ, ದೀರ್ಘಕ್ಕೆ 2, ಪ್ಲುತಕ್ಕೆ 3 ಎಂದು ಇಲ್ಲಿ ಕುಳಿತಿರುವ ಚಿಕ್ಕ ಹುಡುಗನೂ ಹೇಳಬಲ್ಲನು. ಒಂದು ಮಾತ್ರೆ ಹೆಚ್ಚಿದರೂ ಕಡಿಮೆಯಾದರೂ ಪದ್ಯವು ಕೆಡುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯಕ್ಕೆ ಮಾತ್ರಾಶಿತೀಯವೆಂದು ಹೆಸರು. ಉಣ್ಣುವ ಅನ್ನಕ್ಕೂ ಅಳತೆಯುಂಟೆಂಬುದು ಅಲ್ಲಿಯ ವಿಚಾರ. ಅನ್ನಕ್ಕೇ ಅಳತೆಯಿರುವಾಗ ಔಷಧಕ್ಕೆ ಎಷ್ಟು ಅಳತೆಯಿರಬೇಕು! ಆದುದರಿಂದ ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಮೂರು ಸಂಗತಿಗಳನ್ನು ತಿಳಿದಿರಬೇಕು: ಅದರೊಳಗಿನ ವಸ್ತುವಿನ ಹೆಸರು, ಅದರ ಅಳತೆ, ಅದನ್ನು ಸೇವಿಸಬಹುದಾದ ಅವಧಿ. ನನ್ನ ಭಾಷಣದ ಸಾರವು ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಮೊದಲನೆಯದಾಗಿ ಹೆಸರು. ಅಂಗಡಿಯಲ್ಲಿ ನೂರು ಹೆಸರಿನ ಗುಳಿಗೆಗಳಿರುವವು. ಆದರೆ ಹೊದಿಕೆಯ ಮೇಲೆ ದೊಡ್ಡಕ್ಷರದಲ್ಲಿರುವುದು ವ್ಯಾಪಾರದ ಹೆಸರು. ಅದರ ಕೆಳಗೆ ಸಣ್ಣಕ್ಷರದಲ್ಲಿರುವುದು ವಸ್ತುವಿನ ಹೆಸರು. ಕ್ರೋಸಿನ್, ಕಾಲ್‌ಪಾಲ್, ಡೋಲೋ ಎಂಬವು ಬೇರೆಬೇರೆಯಾಗಿ ಕಂಡರೂ ಅವುಗಳೊಳಗಿನ ವಸ್ತುವು ಪ್ಯಾರಾಸಿಟಮಾಲ್ ಎಂಬ ಒಂದೇ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಕ್ಕುವ ಪ್ಯಾರಾಸಿಟಮಾಲ್ ಸಹ ಅದೇ ವಸ್ತುವು. ಬೆಲೆ ಹೆಚ್ಚಾದ ಮಾತ್ರಕ್ಕೆ ಗುಣವು ಹೆಚ್ಚೆಂದು ಭ್ರಮಿಸಬೇಕಾಗಿಲ್ಲ.

ಸಾಮಾನ್ಯರು ಸೇವಿಸುವ ನೋವಿನ ಗುಳಿಗೆಗಳನ್ನೆಲ್ಲ ಎರಡು ಕುಲಗಳಲ್ಲಿ ಅಡಗಿಸಬಹುದು. ಒಂದು ಈಗ ಹೇಳಿದ ಪ್ಯಾರಾಸಿಟಮಾಲ್. ಇದು ಜ್ವರವನ್ನು ಇಳಿಸುತ್ತದೆ, ನೋವನ್ನು ತಗ್ಗಿಸುತ್ತದೆ. ಬಾವನ್ನು ಇಳಿಸುವ ಶಕ್ತಿಯು ಇದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅಳತೆಯೊಳಗಿದ್ದರೆ ಜಠರಕ್ಕೂ ಮೂತ್ರಪಿಂಡಕ್ಕೂ ಸೌಮ್ಯವಾದುದು. ಎರಡನೆಯ ಕುಲವು ನೋವಿನ ಸಂಗಡ ಬಾವನ್ನೂ ಇಳಿಸತಕ್ಕದ್ದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನೈಮೆಸುಲೈಡ್, ನೆಪ್ರಾಕ್ಸೆನ್ ಇವೆಲ್ಲವೂ ಈ ಕುಲದವು.

ಎರಡನೆಯ ಕುಲದ ಮೂಲವು ಒಂದು ಮರದ ತೊಗಟೆ. ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿಯು ವಿಲೋ ಮರದ ತೊಗಟೆಯ ಪುಡಿಯನ್ನು ಜ್ವರಪೀಡಿತರಿಗೆ ಕೊಟ್ಟು, ಅದರ ಗುಣವನ್ನು 1763ರಲ್ಲಿ ಅಲ್ಲಿಯ ರಾಯಲ್ ಸೊಸೈಟಿಗೆ ನಿವೇದಿಸಿದನು. ಆ ಜಾಡಿನಲ್ಲಿಯೇ ಮುಂದುವರಿದು 1897ರಲ್ಲಿ ಜರ್ಮನಿಯಲ್ಲಿ ಆಸ್ಪಿರಿನ್ ಸಿದ್ಧವಾಯಿತು. ಆದರೆ ಅದು ನೋವನ್ನು ಹೇಗೆ ತಗ್ಗಿಸುತ್ತದೆಂಬುದು 1971ರಲ್ಲಿ ಜಾನ್ ವೇನ್ ಎಂಬ ವಿಜ್ಞಾನಿಯು ತೋರಿಸಿಕೊಡುವವರೆಗೆ ಗೊತ್ತಿರಲಿಲ್ಲ. ದೇಹದಲ್ಲಿ ಪ್ರಾಸ್ಟಗ್ಲಾಂಡಿನ್ ಎಂಬ ಪದಾರ್ಥಗಳು ಹುಟ್ಟುತ್ತವೆ. ನೋವು, ಬಾವು, ಕಾವುಗಳನ್ನು ಹೆಚ್ಚಿಸುವವು ಇವು. ಈ ಕುಲದ ಔಷಧಗಳು ಇವುಗಳ ಉತ್ಪತ್ತಿಯನ್ನೇ ತಡೆಯುತ್ತವೆ. ಈ ಶೋಧಕ್ಕಾಗಿ ವೇನ್ ಮಹಾಶಯನಿಗೆ 1982ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಇಲ್ಲಿಯೇ ಸೂಕ್ಷ್ಮವಿರುವುದು. ಅದೇ ಪ್ರಾಸ್ಟಗ್ಲಾಂಡಿನ್‌ಗಳು ಬೇರೆ ಕಡೆಗಳಲ್ಲಿ ನಮ್ಮ ರಕ್ಷಕರಾಗಿಯೂ ಇರುತ್ತವೆ. ಜಠರದ ಒಳಪೊರೆಯನ್ನು ಅಲ್ಲಿಯ ಆಮ್ಲದಿಂದ ಕಾಪಾಡುವುವು ಅವು. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತವನ್ನೊಯ್ಯುವ ನಾಳಗಳನ್ನು ತೆರೆದಿಡುವುವೂ ಅವೇ. ಮೊಣಕಾಲಿನ ನೋವಿಗೆಂದು ನುಂಗಿದ ಗುಳಿಗೆಯು ಮೊಣಕಾಲೊಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಅದು ರಕ್ತದಲ್ಲಿ ಬೆರೆತು ಸರ್ವಾಂಗಕ್ಕೂ ಹೋಗುತ್ತದೆ. ಎಲ್ಲೆಡೆಯಲ್ಲಿಯೂ ತನ್ನ ಕೆಲಸವನ್ನು ಮಾಡುತ್ತದೆ. ಜಠರದಲ್ಲಿ ಹುಣ್ಣಾಗುವುದೂ, ರಕ್ತ ಸೋರುವುದೂ, ಮೂತ್ರಪಿಂಡಗಳು ಬಾಡುವುದೂ, ರಕ್ತದೊತ್ತಡವು ಏರುವುದೂ ಈ ಕಾರಣದಿಂದಲೇ. ಡೈಕ್ಲೊಫೆನಾಕಿನಂಥವುಗಳನ್ನು ಬಹುಕಾಲ ಸೇವಿಸಿದರೆ ಹೃದಯಾಘಾತದ ಭಯವೂ ಹೆಚ್ಚುತ್ತದೆ.

ಈಗ ನನ್ನ ಅರಿಕೆಯನ್ನು ಹೇಳುತ್ತೇನೆ. ನನಗೆ ಒಬ್ಬ ಅಣ್ಣನಿದ್ದನು. ನನ್ನನ್ನು ಪಾಠಶಾಲೆಗೆ ಕಳುಹಿಸಿ, ತಾನು ಮೇಳಿ ಹಿಡಿದವನು. ಅವನಿಗೆ ರಕ್ತದೊತ್ತಡವಿದ್ದಿತು, ಅದಕ್ಕೆ ವೈದ್ಯರು ಕೊಟ್ಟ ಗುಳಿಗೆಯನ್ನು ತಪ್ಪದೆ ಸೇವಿಸುತ್ತಿದ್ದನು. ವಯಸ್ಸಾದಂತೆ ಎರಡೂ ಮೊಣಕಾಲುಗಳು ಹಿಡಿದುಕೊಂಡವು. ಯಾರೋ ನೆರೆಯವರು ಒಂದು ಗುಳಿಗೆಯನ್ನು ಕೊಟ್ಟರು; ನೋವು ತಾಸಿನೊಳಗೆ ಹೋಯಿತು. ಮರುದಿನ ಖಾಲಿ ಪಟ್ಟಿಯನ್ನು ನನ್ನ ಕೈಗಿತ್ತು, "ತಮ್ಮಾ, ಪ್ಯಾಟಿಗೆ ಹೋದಾಗ ಇಂಥಾವು ತಂದುಕೊಡು" ಎಂದನು. ಮಠದ ಕೆಲಸಕ್ಕಾಗಿ ಹದಿನೈದು ದಿನಕ್ಕೊಮ್ಮೆ ನಾನು ಪೇಟೆಗೆ ಹೋಗುತ್ತಿದ್ದೆನು. ಆ ಪಟ್ಟಿಯನ್ನು ಅಂಗಡಿಯಲ್ಲಿ ತೋರಿಸುವುದು, ಅಂಥದೇ ಮೂರು ಪಟ್ಟಿಗಳನ್ನು ತರುವುದು. ವೈದ್ಯರ ಚೀಟಿಯನ್ನು ಯಾರೂ ಕೇಳಲಿಲ್ಲ. ನಾನೂ ಏನನ್ನೂ ಕೇಳಲಿಲ್ಲ. ಅಣ್ಣನು ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಒಂದು, ಸಂಜೆ ಒಂದು ನುಂಗಿ, ಸುಡುಬಿಸಿಲಿನಲ್ಲಿ ಹೊಲದ ಕೆಲಸ ಮಾಡುತ್ತಿದ್ದನು. ಹೀಗೆ ಎರಡು ವರುಷಗಳು ನಡೆದವು. ಪ್ರತಿಸಲವೂ ಅವನು ನನ್ನನ್ನು ಹರಸುತ್ತಿದ್ದನು.

ಮೂರನೆಯ ವರುಷದ ಪ್ರಾರಂಭದಲ್ಲಿ ಅವನಿಗೆ ಊಟ ಸೇರದಾಯಿತು, ಪಾದಗಳು ಬಾತವು, ಮುಖವು ಕಂದಿತು. ಪಟ್ಟಣದ ವೈದ್ಯರು ರಕ್ತವನ್ನು ಪರೀಕ್ಷಿಸಿ, ಮೂತ್ರಪಿಂಡಗಳೆರಡೂ ಬಹಳ ಮಟ್ಟಿಗೆ ಕೆಟ್ಟಿರುವುವೆಂದರು. "ಏನೇನು ಔಷಧ ತೆಗೆದುಕೊಳ್ಳುತ್ತಾರೆ?" ಎಂದು ಕೇಳಿದರು. ನಾನು ಜೇಬಿನಿಂದ ಪಟ್ಟಿಯನ್ನು ತೆಗೆದು ಕೊಟ್ಟೆನು. ಅವರು ಅದನ್ನು ಹಿಂದುಮುಂದಾಗಿ ತಿರುವಿ, ಅದರ ಬೆನ್ನಿನ ಮೇಲಿನ ಅಕ್ಷರಗಳನ್ನು ನನಗೇ ಓದಲು ಹೇಳಿದರು. ಓದಿದೆನು: ಡೈಕ್ಲೊಫೆನಾಕ್ 50 ಮಿಲಿಗ್ರಾಂ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆ. ತಾಳೆಗರಿಯ ಸವೆದ ಅಕ್ಷರಗಳನ್ನು ಮಸೂರಗಾಜು ಹಿಡಿದು ಓದುವ ನಾನು, ಎರಡು ವರುಷ ಜೇಬಿನಲ್ಲಿಟ್ಟುಕೊಂಡು ತಿರುಗಿದ ಆ ಎರಡು ಸಾಲುಗಳನ್ನು ಆ ದಿನ ಮೊದಲ ಬಾರಿಗೆ ಓದಿದೆನು.

ವೈದ್ಯರು ನ್ಯಾಯವಂತರು. ರಕ್ತದೊತ್ತಡವೂ ಇದರಲ್ಲಿ ಪಾಲುಗಾರನೆಂದೂ, ಎಲ್ಲ ದೋಷವನ್ನೂ ಗುಳಿಗೆಯ ಮೇಲೆ ಹೊರಿಸಲಾಗದೆಂದೂ ಹೇಳಿದರು. ಆದರೆ ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳು, ನೀರಿಳಿಸುವ ಗುಳಿಗೆ, ಈ ಕುಲದ ನೋವಿನ ಗುಳಿಗೆ ಇವು ಮೂರೂ ಒಬ್ಬನೇ ಮುದುಕನ ಹೊಟ್ಟೆಯಲ್ಲಿ ಕೂಡಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದಲೂ ಪೆಟ್ಟು ಬೀಳುವುದೆಂದು ವಿವರಿಸಿದರು. ಅಣ್ಣನಿಗೆ ವಾರಕ್ಕೆ ಎರಡಾವರ್ತಿ ಡಯಾಲಿಸಿಸ್ ನಡೆಯಿತು. ಹದಿನಾಲ್ಕು ತಿಂಗಳ ತರುವಾಯ ಅವನು ಲಿಂಗೈಕ್ಯನಾದನು. ಕೊನೆಯವರೆಗೂ ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಈ ಡೈಕ್ಲೊಫೆನಾಕಿನ ವಿಷಯದಲ್ಲಿ ಲೋಕಕ್ಕೆಲ್ಲ ತಿಳಿದ ಇನ್ನೊಂದು ವೃತ್ತಾಂತವುಂಟು. ನಮ್ಮ ಬಾಲ್ಯದಲ್ಲಿ ಸತ್ತ ದನವನ್ನು ಊರ ಹೊರಗೆ ಹಾಕಿದರೆ ರಣಹದ್ದುಗಳು ಗುಂಪುಗುಂಪಾಗಿ ಇಳಿಯುತ್ತಿದ್ದವು. 1990ರ ತರುವಾಯ ಅವು ಕಣ್ಮರೆಯಾಗತೊಡಗಿದವು. ಕಾರಣವನ್ನು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ದನಗಳ ನೋವಿಗೆ ಕೊಟ್ಟ ಡೈಕ್ಲೊಫೆನಾಕ್ ಕಳೇಬರದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳು ಕೆಟ್ಟು ಅವು ಸಾಯುತ್ತಿದ್ದವು. ಭಾರತ ಸರಕಾರವು 2006ರಲ್ಲಿ ಪಶುಗಳಿಗೆ ಈ ಔಷಧದ ಉಪಯೋಗವನ್ನು ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ಅಳಿದುಳಿದ ಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಕ್ಷಿತಧಾಮವನ್ನಾಗಿ ಮಾಡಲಾಯಿತು. ದನಕ್ಕೆ ಹಿತವಾದ ಅಳತೆಯು ಹದ್ದಿಗೆ ಮರಣವಾಯಿತು. ನೆರೆಯವನಿಗೆ ಹಿತವಾದ ಗುಳಿಗೆಯು ನಮಗೂ ಹಿತವೆಂದು ನಂಬತಕ್ಕದ್ದಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕೆ?

ಇದನ್ನು ಕೇಳಿ, ಹಾಗಾದರೆ ಪ್ಯಾರಾಸಿಟಮಾಲ್ ಒಂದನ್ನೇ ಬೇಕಾದಷ್ಟು ನುಂಗಬಹುದೆಂದು ಯಾರೂ ತಿಳಿಯಬಾರದು. ಎರಡನೆಯದಾಗಿ ನಾನು ಹೇಳತಕ್ಕ ಅಳತೆಯ ವಿಚಾರವು ಇಲ್ಲಿಯೇ ಬರುತ್ತದೆ. ಆರೋಗ್ಯವಂತನಾದ ಪ್ರಾಯದವನಿಗೆ ಒಂದು ಸಲಕ್ಕೆ 500 ಅಥವಾ 650 ಮಿಲಿಗ್ರಾಂ ಸಾಕು, ಹೆಚ್ಚೆಂದರೆ 1000. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಕನಿಷ್ಠ 4 ತಾಸು, ಸಾಮಾನ್ಯವಾಗಿ 6 ತಾಸು ಇರಬೇಕು. ಹಗಲುರಾತ್ರಿ ಕೂಡಿ 4000 ಮಿಲಿಗ್ರಾಮನ್ನು ಎಂದಿಗೂ ಮೀರಕೂಡದು. ಮುದುಕರು, 50 ಕಿಲೋಗಿಂತ ಕಡಿಮೆ ತೂಕದವರು, ಊಟವಿಲ್ಲದೆ ಬಳಲಿದವರು, ಯಕೃತ್ತಿನ ರೋಗವುಳ್ಳವರು, ಮದ್ಯಪಾನದ ಚಟವುಳ್ಳವರು ಇವರಿಗೆ ಮಿತಿಯು ಇನ್ನೂ ಕಡಿಮೆ. ಅವರು ವೈದ್ಯರನ್ನು ಕೇಳಿಯೇ ಅಳತೆಯನ್ನು ಗೊತ್ತುಮಾಡಿಕೊಳ್ಳಬೇಕು.

ಈ ಮಿತಿಯನ್ನು ನಾನೇಕೆ ಮೀರುವೆನೆಂದು ತಾವು ಕೇಳಬಹುದು. ತಿಳಿಯದೆಯೇ ಮೀರುವ ದಾರಿಯನ್ನು ಲೆಕ್ಕದಿಂದ ತೋರಿಸುತ್ತೇನೆ. ಒಬ್ಬನಿಗೆ ಜ್ವರ, ಮೈಕೈನೋವು, ನೆಗಡಿ ಕೂಡಿ ಬಂದಿವೆ. ಜ್ವರಕ್ಕೆಂದು 650ರ ಗುಳಿಗೆಯನ್ನು ದಿನಕ್ಕೆ 4 ಸಲ ನುಂಗುತ್ತಾನೆ, 2600 ಆಯಿತು. ಮೈನೋವಿಗೆಂದು ಬೇರೊಂದು ಹೆಸರಿನ ಜೋಡಿಗುಳಿಗೆಯನ್ನು 3 ಸಲ ನುಂಗುತ್ತಾನೆ. ಕಾಂಬಿಫ್ಲಾಮ್ ಎಂಬುದನ್ನೇ ನೋಡಿರಿ: ಅದರಲ್ಲಿ ಐಬುಪ್ರೊಫೆನ್ 400ರ ಸಂಗಡ ಪ್ಯಾರಾಸಿಟಮಾಲ್ 325 ಅಡಗಿದೆ, ಮೂರಕ್ಕೆ 975. ನೆಗಡಿಗೆಂದು ನುಂಗಿದ ಮೂರನೆಯ ಹೆಸರಿನ ಗುಳಿಗೆಯಲ್ಲಿ 500 ಇದ್ದರೆ, 3 ಸಲಕ್ಕೆ 1500. ಕೂಡಿಸಿರಿ: 5075. ಅವನ ಎಣಿಕೆಯಲ್ಲಿ ಮೂರು ರೋಗಕ್ಕೆ ಮೂರು ಔಷಧ. ಯಕೃತ್ತಿನ ಎಣಿಕೆಯಲ್ಲಿ ಒಂದೇ ಔಷಧದ ಅತಿಮಾತ್ರೆ.

ಯಕೃತ್ತೆಂದರೆ ಆಡುಮಾತಿನಲ್ಲಿ ಲಿವರು. ಪ್ಯಾರಾಸಿಟಮಾಲನ್ನು ಅರಗಿಸುವಾಗ ಅಲ್ಲಿ ಸ್ವಲ್ಪ ವಿಷವು ಹುಟ್ಟುತ್ತದೆ. ಅದನ್ನು ನಿವಾರಿಸುವ ಗ್ಲುಟಾಥಯೋನ್ ಎಂಬ ಪದಾರ್ಥವು ಯಕೃತ್ತಿನಲ್ಲಿಯೇ ಸಂಗ್ರಹವಾಗಿರುತ್ತದೆ. ಅಳತೆಯೊಳಗಿದ್ದರೆ ಆ ಸಂಗ್ರಹವು ಸಾಕಾಗುತ್ತದೆ, ಮೀರಿದರೆ ಬರಿದಾಗುತ್ತದೆ, ಆಗ ವಿಷವು ಯಕೃತ್ತನ್ನೇ ಸುಡುತ್ತದೆ. ಇದರಲ್ಲಿರುವ ಮೋಸವೇನೆಂದರೆ, ಮೊದಲ ದಿನ ಸ್ವಲ್ಪ ಓಕರಿಕೆಯ ಹೊರತು ಏನೂ ತೋರದೆಯೇ ಇರಬಹುದು. ಆದುದರಿಂದ ಯಾರಾದರೂ ಅಳತೆ ಮೀರಿ ನುಂಗಿದ್ದು ತಿಳಿದರೆ, ಲಕ್ಷಣಗಳು ತೋರಲೆಂದು ಕಾಯದೆ, ಖಾಲಿ ಪಟ್ಟಿಯನ್ನೂ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವುಂಟು. 8 ತಾಸಿನೊಳಗೆ ಕೊಟ್ಟರೆ ಅದು ಅತ್ಯಂತ ಫಲಕಾರಿ.

ಐಬುಪ್ರೊಫೆನ್ ಬಲ್ಲವರ ಅಳತೆಯು ಹೀಗಿದೆ: ಒಂದು ಸಲಕ್ಕೆ 200ರಿಂದ 400 ಮಿಲಿಗ್ರಾಂ, ಊಟವಾದ ಮೇಲೆ, ತುಂಬ ನೀರಿನೊಡನೆ, ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 1200 ಮಿಲಿಗ್ರಾಮಿಗೆ ಮೇಲ್ಪಡದಂತೆ. ಈ ಕುಲದ ಎರಡು ಔಷಧಗಳನ್ನು ಒಟ್ಟಿಗೆ ನುಂಗಿದರೆ ಗುಣವು ಇಮ್ಮಡಿಯಾಗುವುದಿಲ್ಲ, ಅಪಾಯವು ಹೆಚ್ಚುತ್ತದೆ. ಹೃದಯಕ್ಕೆಂದು ವೈದ್ಯರು ಕೊಟ್ಟ ಸಣ್ಣ ಆಸ್ಪಿರಿನ್ ಗುಳಿಗೆಯನ್ನು ನಿತ್ಯವೂ ಸೇವಿಸುವವರು, ತಮ್ಮಷ್ಟಕ್ಕೆ ತಾವೇ ಐಬುಪ್ರೊಫೆನ್ ನುಂಗಬಾರದು. ಅದು ಆಸ್ಪಿರಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆ.

ಮೂರನೆಯದು ಅವಧಿ. ಜ್ವರವು 3 ದಿನಗಳಲ್ಲಿ ಇಳಿಯದಿದ್ದರೆ, ನೋವು ವಾರವೊಂದು ಕಳೆದರೂ ನಿಲ್ಲದಿದ್ದರೆ, ಗುಳಿಗೆಯನ್ನು ಮುಂದುವರಿಸುವುದಲ್ಲ, ವೈದ್ಯರನ್ನು ಕಾಣುವುದೇ ಧರ್ಮ. ನೋವೆಂಬುದು ದೂತನು, ದೂತನ ಬಾಯಿಯನ್ನು ಮುಚ್ಚಿದ ಮಾತ್ರಕ್ಕೆ ಅವನು ತಂದ ವಾರ್ತೆಯು ಸುಳ್ಳಾಗುವುದಿಲ್ಲ. ತಲೆನೋವಿನವರಿಗೆ ವಿಶೇಷವಾಗಿ ಒಂದು ಮಾತು: ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಗುಳಿಗೆಯನ್ನು ನುಂಗುತ್ತ ಹೋದರೆ ಆ ಗುಳಿಗೆಯೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ಹಲವು ಔಷಧಗಳನ್ನು ಬೆರೆಸಿದ ಗುಳಿಗೆಯಾದರೆ 10 ದಿನಗಳೇ ಸಾಕು.

ಇನ್ನು ಯಾವ ಬಾಧೆಗೆ ಯಾವುದನ್ನು ಆರಿಸಬೇಕೆಂಬ ವಿಚಾರ. ಜ್ವರಕ್ಕೂ ಸಾಧಾರಣವಾದ ತಲೆನೋವು ಮೈನೋವುಗಳಿಗೂ ಮೊದಲು ಪ್ಯಾರಾಸಿಟಮಾಲ್. ಮಳೆಗಾಲದ ಜ್ವರದಲ್ಲಂತೂ ಅದೊಂದೇ. ಏಕೆಂದರೆ ಆ ಜ್ವರವು ಡೆಂಗಿಯಾಗಿರಬಹುದು. ಕರ್ನಾಟಕ ಸರಕಾರವು ಡೆಂಗಿಯನ್ನು 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದು ತಮಗೆ ತಿಳಿದಿರಬಹುದು. ಡೆಂಗಿಯಲ್ಲಿ ರಕ್ತ ಸೋರುವ ಭಯವಿರುವುದರಿಂದ, ರಕ್ತದ ಹೆಪ್ಪುಗಟ್ಟುವಿಕೆಯನ್ನು ತಡೆಯುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕುಗಳನ್ನು ಮುಟ್ಟಲೇಬಾರದು. ಹಲ್ಲುನೋವು, ಉಳುಕು, ಸ್ತ್ರೀಯರ ಮಾಸಿಕ ನೋವು ಇವುಗಳಿಗೆ ಬಾವನ್ನಿಳಿಸುವ ಐಬುಪ್ರೊಫೆನ್ ಹೆಚ್ಚು ಗುಣಕಾರಿ; ಬೇರೆ ಅಡ್ಡಿಯಿಲ್ಲದವರು ಎರಡು ಮೂರು ದಿನ ಸೇವಿಸಿ ಬಿಟ್ಟರೆ ತೊಂದರೆಯಿಲ್ಲ. ಮುದುಕರ ಮೊಣಕಾಲುನೋವಿಗೆ ನುಂಗುವ ಗುಳಿಗೆಗಿಂತ ಮೇಲೆ ಹಚ್ಚುವ ಡೈಕ್ಲೊಫೆನಾಕ್ ಲೇಪವು ಲೇಸು; ಅದರಿಂದ ರಕ್ತಕ್ಕೆ ಸೇರುವ ಅಂಶವು ಅತ್ಯಲ್ಪ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ, ತೂಕವಿಳಿಸುವುದೂ ಗುಳಿಗೆಯಷ್ಟೇ ಮುಖ್ಯವಾದ ಚಿಕಿತ್ಸೆಗಳು. ಇವನ್ನು ನಾನು ಅಣ್ಣನ ತರುವಾಯ ತಿಳಿದೆನು.

ಎರಡನೆಯ ಕುಲದ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದವರು ಯಾರೆಂದರೆ: ಮೂತ್ರಪಿಂಡದ ರೋಗವುಳ್ಳವರು, ಹೃದಯದ ರೋಗ, ರಕ್ತದೊತ್ತಡಗಳಿಗೆ ಔಷಧ ಸೇವಿಸುವವರು, ಹಿಂದೆ ಜಠರದಲ್ಲಿ ಹುಣ್ಣಾದವರು, ರಕ್ತವನ್ನು ತೆಳುವಾಗಿಸುವ ಔಷಧದಲ್ಲಿರುವವರು, ಈ ಗುಳಿಗೆಗಳಿಂದ ಉಬ್ಬಸ ಕೆರಳುವವರು, 65 ದಾಟಿದ ವೃದ್ಧರು, ಗರ್ಭಿಣಿಯರು. ಗರ್ಭಿಣಿಯರಲ್ಲಿ 20ನೆಯ ವಾರದ ತರುವಾಯ ಇವು ಶಿಶುವಿನ ಮೂತ್ರಪಿಂಡಕ್ಕೂ, ಕೊನೆಯ ಮೂರು ತಿಂಗಳಲ್ಲಿ ಶಿಶುವಿನ ಹೃದಯದ ನಾಳಕ್ಕೂ ಕೇಡನ್ನುಂಟುಮಾಡಬಲ್ಲವು.

ಮಕ್ಕಳ ವಿಷಯದಲ್ಲಿ ತಾಯಂದಿರು ದಯವಿಟ್ಟು ಗಮನವಿಡಬೇಕು. ಮಕ್ಕಳಿಗೆ ಅಳತೆಯು ವಯಸ್ಸಿಗಿಂತ ತೂಕದಿಂದ ಗೊತ್ತಾಗುತ್ತದೆ. ಪ್ಯಾರಾಸಿಟಮಾಲ್ ಕಿಲೋ ಒಂದಕ್ಕೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ 4 ಸಲಕ್ಕೆ ಮೀರದಂತೆ. 10 ಕಿಲೋ ತೂಗುವ ಕೂಸಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿಲಿಗ್ರಾಂ ಆಯಿತು. ಆದರೆ ಸೀಸೆಗಳೆಲ್ಲ ಒಂದೇ ಅಲ್ಲ. 5 ಮಿಲಿಲೀಟರಿನಲ್ಲಿ 120 ಇರುವ ಸೀಸೆಯಿಂದಾದರೆ ಸುಮಾರು 6 ಮಿಲಿಲೀಟರು. 250 ಇರುವ ಸೀಸೆಯಿಂದಾದರೆ 3. ಪ್ರತಿ ಮಿಲಿಲೀಟರಿಗೆ 100 ಇರುವ ಹನಿಯೌಷಧದಿಂದಾದರೆ ಕೇವಲ ಒಂದೂವರೆ. ಹನಿಯೌಷಧವನ್ನು ಅಡಿಗೆಮನೆಯ ಚಮಚೆಯಿಂದ ಕೊಟ್ಟರೆ ಏನಾಗಬಹುದೆಂಬುದನ್ನು ತಾವೇ ಊಹಿಸಿರಿ. ಸೀಸೆಯೊಡನೆ ಬರುವ ಅಳತೆಯ ಬಟ್ಟಲನ್ನೇ ಬಳಸಬೇಕು. 3 ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ ಔಷಧಕ್ಕಿಂತ ಮೊದಲು ವೈದ್ಯರು. 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೂಡದು. ಯಕೃತ್ತಿಗೂ ಮಿದುಳಿಗೂ ತಗಲುವ ರೇ ಎಂಬ ಹೆಸರಿನ ಘೋರವ್ಯಾಧಿಗೆ ಅದು ದಾರಿಯಾಗಬಹುದು. ನೈಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರಕಾರವು 2011ರಲ್ಲಿಯೇ ನಿಷೇಧಿಸಿದೆ.

ಈ ಸಭೆಯಲ್ಲಿ ಅನೇಕರು ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಮಾಡುವವರಿದ್ದೀರಿ. ನಾನೂ ಮಾಡಿದವನೇ. ಫಾಲ್ಗುಣದ ಬಿಸಿಲು, ಕಾಲಿನ ಬೊಕ್ಕೆ, ಬೆವರು, ಅರೆಹೊಟ್ಟೆ. ಸಂಜೆಗೆ ಬಿಡಾರದಲ್ಲಿ ಯಾರೋ ಒಬ್ಬರು ಜೋಳಿಗೆಯಿಂದ ನೋವಿನ ಗುಳಿಗೆಗಳನ್ನು ಪ್ರಸಾದದಂತೆ ಹಂಚುತ್ತಾರೆ. ಅವರ ಭಾವನೆಯು ಒಳ್ಳೆಯದೇ. ಆದರೆ ನೀರಾರಿದ ದೇಹದಲ್ಲಿ ಮೂತ್ರಪಿಂಡವು ಪ್ರಾಸ್ಟಗ್ಲಾಂಡಿನ್ನನ್ನೇ ನೆಚ್ಚಿಕೊಂಡಿರುತ್ತದೆಂದು ಮೊದಲೇ ಹೇಳಿದೆನಷ್ಟೆ. ಆ ಹೊತ್ತಿನಲ್ಲಿ ಡೈಕ್ಲೊಫೆನಾಕಿನ ಗುಳಿಗೆಯನ್ನಾಗಲಿ ಸೂಜಿಮದ್ದನ್ನಾಗಲಿ ತೆಗೆದುಕೊಳ್ಳುವುದು, ನೆಚ್ಚಿದ ಆಧಾರವನ್ನೇ ಕಿತ್ತಂತೆ. ಮೊದಲು ನೀರು, ಉಪ್ಪು ಸಕ್ಕರೆ ಬೆರೆಸಿದ ಪಾನಕ, ವಿಶ್ರಾಂತಿ, ಕಾಲಿಗೆ ತಣ್ಣೀರಿನ ಪಟ್ಟಿ; ಬೇಕೇ ಆದರೆ ಅಳತೆಯೊಳಗಿನ ಪ್ಯಾರಾಸಿಟಮಾಲ್. ಮೂತ್ರವು ಕಡಿಮೆಯಾಗಿ ಕಪ್ಪಾಗಿದ್ದರೆ ನಡಿಗೆಯನ್ನು ನಿಲ್ಲಿಸಬೇಕು. ಮರುವರುಷ ನಡೆಯುವುದಕ್ಕಾದರೂ ದೇಹವು ಉಳಿಯಬೇಕಲ್ಲವೆ?

ಜಾತ್ರೆಗಳಲ್ಲಿಯೂ ಸಂತೆಗಳಲ್ಲಿಯೂ ಹೆಸರಿಲ್ಲದ ಪುಡಿಗಳನ್ನೂ ಉಂಡೆಗಳನ್ನೂ ಗಿಡಮೂಲಿಕೆಯವೆಂದು ಮಾರುತ್ತಾರೆ. ಆಯುರ್ವೇದವು ನನಗೆ ಪೂಜ್ಯವಾದುದು. ಆದುದರಿಂದಲೇ ಈ ಮಾತನ್ನು ಹೇಳುತ್ತಿದ್ದೇನೆ. ಇಂಥ ಉಂಡೆಗಳನ್ನು ಪರೀಕ್ಷಿಸಿದಾಗ ಕೆಲವುಗಳಲ್ಲಿ ಡೈಕ್ಲೊಫೆನಾಕ್, ಸ್ಟೀರಾಯ್ಡ್ ಮುಂತಾದವುಗಳನ್ನು ಗುಟ್ಟಾಗಿ ಬೆರೆಸಿದ್ದು ಕಂಡುಬಂದಿದೆ. ವರುಷಗಟ್ಟಲೆಯ ಕೀಲುನೋವು ಒಂದೇ ದಿನದಲ್ಲಿ ಮಾಯವಾದರೆ ಸಂತೋಷಪಡುವ ಬದಲು ಸಂಶಯಪಡಬೇಕು. ಹೆಸರಿಲ್ಲದ ಔಷಧಕ್ಕೆ ಅಳತೆಯೂ ಇಲ್ಲ, ಅವಧಿಯೂ ಇಲ್ಲ.

ಕೊನೆಯದಾಗಿ, ಯಾವ ನೋವಿಗೆ ಗುಳಿಗೆಯನ್ನು ಹುಡುಕದೆ ಆಸ್ಪತ್ರೆಗೇ ಹೋಗಬೇಕೆಂಬುದನ್ನು ನೆನಪಿಡಿರಿ. ಎದೆಯನ್ನು ಹಿಸುಕಿದಂತೆ ಬಂದು ಭುಜಕ್ಕೋ ದವಡೆಗೋ ಹಬ್ಬುವ ನೋವು. ಸಿಡಿಲು ಬಡಿದಂತೆ ಒಮ್ಮೆಗೇ ಬಂದ ತಲೆನೋವು. ಜ್ವರದೊಡನೆ ಕತ್ತು ಸೆಟೆದುಕೊಳ್ಳುವುದು. ಹೊಟ್ಟೆಯು ಕಲ್ಲಿನಂತೆ ಬಿಗಿಯುವುದು. ಕೈಕಾಲಿನ ಬಲವು ಹೋಗುವುದು. ಗುಳಿಗೆಯನ್ನು ಸೇವಿಸುತ್ತಿರುವಾಗ ಮಲವು ಡಾಂಬರಿನಂತೆ ಕಪ್ಪಾದರೆ, ರಕ್ತವಾಂತಿಯಾದರೆ, ಪಾದಗಳು ಬಾತರೆ, ಮೂತ್ರವು ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಉಸಿರು ಕಟ್ಟಿದರೆ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮಹನೀಯರೇ, ಇಷ್ಟೆಲ್ಲವನ್ನೂ ನೆನಪಿನಲ್ಲಿಡುವುದು ಕಷ್ಟವೆಂದು ತೋರಿದರೆ ಒಂದು ಚಿಕ್ಕ ಕೆಲಸವನ್ನಾದರೂ ಮಾಡಿರಿ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚಾಪೆಯ ಮೇಲೆ ಹರವಿ, ಶಾಲೆಗೆ ಹೋಗುವ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು, ಪ್ರತಿಯೊಂದರ ಬೆನ್ನಿನ ಮೇಲಿರುವ ವಸ್ತುವಿನ ಹೆಸರು, ಮಿಲಿಗ್ರಾಮಿನ ಅಳತೆ, ಅವಧಿ ಮುಗಿಯುವ ದಿನ ಇವನ್ನು ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆಯಿಸಿರಿ. ಆ ಕಾಗದವನ್ನು ಗೋಡೆಗೆ ಹಚ್ಚಿ, ವೈದ್ಯರಲ್ಲಿಗೆ ಹೋಗುವಾಗ ಅದನ್ನೇ ಕೊಂಡೊಯ್ಯಿರಿ. ಅಂಗಡಿಯಲ್ಲಿ ಖಾಲಿ ಪಟ್ಟಿಯನ್ನು ತೋರಿಸಿ ಸುಮ್ಮನಿರದೆ, "ಇದರಲ್ಲಿ ಏನಿದೆ? ನಾನು ಸೇವಿಸುವ ಬೇರೆ ಔಷಧಗಳೊಡನೆ ಇದು ಸೇರುತ್ತದೆಯೆ?" ಎಂಬ ಎರಡು ಪ್ರಶ್ನೆಗಳನ್ನು ಕೇಳಿರಿ. ಕೇಳುವುದರಿಂದ ಯಾರ ಮಾನವೂ ಹೋಗುವುದಿಲ್ಲ. ಕೇಳದೆ ಹೋದುದರಿಂದ ನನ್ನ ಅಣ್ಣನು ಹೋದನು.

ಪಾಠಶಾಲೆಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇನೆ. ನಿಮಗೆ ಅಕ್ಷರವನ್ನು ಕಲಿಸಿದ್ದು ಕಾವ್ಯವನ್ನು ಓದುವುದಕ್ಕಷ್ಟೇ ಅಲ್ಲ. ಊರಿಗೆ ಹೋದಾಗ ಅಜ್ಜಿಯ ಸಂಚಿಯಲ್ಲಿರುವ ಗುಳಿಗೆಯ ಪಟ್ಟಿಯನ್ನು ತೆಗೆದು ಓದಿ ಹೇಳಿರಿ. ಅದು ಸಹ ವಿದ್ಯೆಯ ವಿನಿಯೋಗವೇ.